ಸಣ್ಣ ನಾಯಿ ಗೊತ್ತಿಲ್ಲದೆ ಗಬ್ಬವಾದರೆ: ಕೂಡಿದ ದಿನದಿಂದ ಮರಿ ಹಾಲು ಬಿಡುವ ತನಕ

ಮೂರು ಕಿಲೋ ತೂಕದ ಮನೆನಾಯಿ ಬೀದಿಯ ಗಂಡಿನ ಜೊತೆ ಕೂಡಿದ್ದು ಕಣ್ಣಿಗೆ ಬಿತ್ತು ಅಂದರೆ ಮನೆಯವರು ಒಂದೋ ಕೋಲು ಹಿಡಿದು ಓಡುತ್ತಾರೆ, ಇಲ್ಲವೇ ‘ಏನ್ ಆಗಂಗಿಲ್ಲ ತಗೋರಿ’ ಎಂದು ಸುಮ್ಮನಾಗುತ್ತಾರೆ. ಎರಡೂ ತಪ್ಪು. ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಅದರ ಪಕ್ಕದಲ್ಲೇ, ನೆನಪಿದ್ದರೆ, ಬೆದೆಯ ರಕ್ತ ಮೊದಲು ಕಂಡ ದಿನವನ್ನೂ ಬರೆಯಿರಿ. ಮುಂದಿನ ಎರಡು ತಿಂಗಳು ಡಾಕ್ಟರು ಏನೇ ಕೇಳಲಿ, ಉತ್ತರ ಈ ಎರಡು ತಾರೀಖಿನಲ್ಲಿ ಇರುತ್ತದೆ. ಸಣ್ಣ ನಾಯಿಗಳು ಹೆರಿಗೆಯಲ್ಲಿ ಕೈತಪ್ಪಿ ಹೋಗುವ ಅನೇಕ ಪ್ರಸಂಗಗಳಲ್ಲಿ ರೋಗಕ್ಕಿಂತ ಮೊದಲು ಎಡವಟ್ಟಾಗಿರುವುದು ಇಲ್ಲೇ: ಇಂದು ಎಷ್ಟನೇ ದಿನ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಸಣ್ಣ ನಾಯಿ ಅಂದರೆ ಸಾಮಾನ್ಯವಾಗಿ ಪಾಮೇರಿಯನ್, ಪಗ್, ಶಿಟ್ಜು, ಡ್ಯಾಶ್‌ಹಂಡ್, ಲಾಸಾ. ಪಾಮೇರಿಯನ್ ಅಂತ ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಬಹಳಷ್ಟು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಅವು 5ರಿಂದ 7 ಕಿಲೋ ತೂಗುತ್ತವೆ, ಎರಡು–ಮೂರು ಕಿಲೋದ ಅಸಲಿ ಪಾಮೇರಿಯನ್‌ಗಿಂತ ಹೆರಿಗೆ ತಡೆದುಕೊಳ್ಳುವ ಶಕ್ತಿ ಅವಕ್ಕೆ ಹೆಚ್ಚು. ಆದ್ದರಿಂದ ತಳಿಯ ಹೆಸರನ್ನು ನಂಬಬೇಡಿ, ತೂಕ ನೋಡಿ. ಮನುಷ್ಯರ ತೂಕದ ಯಂತ್ರದ ಮೇಲೆ ನೀವು ಒಮ್ಮೆ ಒಬ್ಬರೇ ನಿಂತು, ಇನ್ನೊಮ್ಮೆ ನಾಯಿಯನ್ನೆತ್ತಿಕೊಂಡು ನಿಂತು ಕಳೆದರೆ ಸಾಕು.

‘ರಕ್ತ ನಿಂತಿತು’ ಎಂಬ ಮೋಸ

ಸಣ್ಣ ತಳಿಗಳು 6ರಿಂದ 10 ತಿಂಗಳಿಗೆಲ್ಲ ಮೊದಲ ಬಾರಿ ಬೆದೆಗೆ ಬರುತ್ತವೆ, ಕೆಲವು 5 ತಿಂಗಳಿಗೇ. ಇನ್ನೂ ಮರಿ ಎಂದುಕೊಂಡದ್ದು ಗಬ್ಬವಾಗುವುದು ಹೀಗೆ. ಬೆದೆಯ ಮೊದಲ ಭಾಗ ಸರಾಸರಿ 9 ದಿನ. ಯೋನಿ ಊದಿ ರಕ್ತ ತೊಟ್ಟಿಕ್ಕುತ್ತದೆ, ಗಂಡುಗಳು ಗೇಟಿನ ಮುಂದೆ ಜಮಾಯಿಸುತ್ತವೆ, ಹೆಣ್ಣು ಮಾತ್ರ ಹತ್ತಿರ ಬಿಡುವುದಿಲ್ಲ. ಎರಡನೇ ಭಾಗವೂ ಸುಮಾರು 9 ದಿನ. ಆಗ ರಕ್ತ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಊತ ಮೆದುವಾಗುತ್ತದೆ, ಬೆನ್ನಿನ ಬುಡ ಮುಟ್ಟಿದರೆ ಬಾಲವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತದೆ. ಗರ್ಭ ನಿಲ್ಲುವ ಕಾಲ ಇದೇ. ನಮ್ಮ ಜನ ಸರಪಳಿ ಬಿಚ್ಚುವುದೂ ಆಗಲೇ, ‘ರಕ್ತ ನಿಂತದ, ಇನ್ನ ಬೆದಿ ಮುಗೀತು’ ಎಂದು. ಎರಡೂ ಭಾಗಗಳು 3ರಿಂದ 21 ದಿನದವರೆಗೆ ಹಿಗ್ಗಬಹುದು, ಕುಗ್ಗಬಹುದು. ಗಂಡಿನ ವೀರ್ಯಾಣು ಹೆಣ್ಣಿನ ಒಳಗೆ 5–7 ದಿನ ಜೀವಂತವಿರಬಲ್ಲದು. ಹೀಗಾಗಿ ‘ಬೇಗ ಕೂಡಿತು, ನಿಂತಿರಲಿಕ್ಕಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಗಂಟು ಬಿದ್ದಾಗ

ಕೂಡಿದ ಮೇಲೆ ಎರಡೂ ನಾಯಿಗಳು ಹಿಂದು ಮುಂದಾಗಿ ಸಿಕ್ಕಿಕೊಂಡು ನಿಲ್ಲುತ್ತವೆ. ಗಂಡಿನ ಶಿಶ್ನದ ಬುಡದ ಗಡ್ಡೆ ಒಳಗೆ ಊದಿಕೊಂಡಿರುವುದರಿಂದ ಹೀಗಾಗುತ್ತದೆ. ಐದು ನಿಮಿಷದಿಂದ ಮುಕ್ಕಾಲು ಗಂಟೆ ಹಿಡಿಯಬಹುದು. ಕೋಲಿನಿಂದ ಹೊಡೆಯುವುದು, ಕಾಲು ಹಿಡಿದು ಎಳೆಯುವುದು, ನೀರು ಎರಚಿ ಬೆದರಿಸುವುದು, ಯಾವುದನ್ನೂ ಮಾಡಬೇಡಿ. ವೀರ್ಯಾಣು ಮೊದಲ ಒಂದೆರಡು ನಿಮಿಷದಲ್ಲೇ ಒಳಗೆ ಹೋಗಿರುತ್ತದೆ. ಆಮೇಲೆ ಬಿಡಿಸಿದರೆ ಗರ್ಭ ತಪ್ಪುವುದಿಲ್ಲ, ಯೋನಿ ಹರಿಯುವುದಷ್ಟೇ ಲಾಭ. ಮೂರು ಕಿಲೋದ ಹೆಣ್ಣು, ಹದಿನೈದು ಕಿಲೋದ ಗಂಡು ಸಿಕ್ಕಿಕೊಂಡಿದ್ದರೆ ಅಪಾಯ ಗಂಡು ಓಡುವುದರಲ್ಲಿದೆ, ಹೆಣ್ಣನ್ನು ಎಳೆದೊಯ್ಯುತ್ತದೆ. ಸುತ್ತಲಿನ ಹುಡುಗರನ್ನೂ ಉಳಿದ ನಾಯಿಗಳನ್ನೂ ದೂರ ಕಳಿಸಿ. ನಿಮ್ಮ ನಾಯಿಯ ತಲೆಯ ಕಡೆ ಕೂತು ಎದೆಯ ಕೆಳಗೆ ಕೈಕೊಟ್ಟು ಭಾರ ಹಿಡಿಯಿರಿ. ನೋವಿಗೆ ಕಚ್ಚೀತು, ಮುಖ ದೂರವಿರಲಿ. ಬೀದಿ ನಾಯಿಗೆ ಬರಿಗೈ ಹಾಕಬೇಡಿ.

ಬಿಟ್ಟ ಮೇಲೆ ಮನೆಯೊಳಗೆ ತನ್ನಿ, ಬೆದೆ ಪೂರ್ತಿ ಮುಗಿಯುವವರೆಗೆ ಹೊರಗೆ ಬಿಡಬೇಡಿ. ಆದದ್ದು ಆಯಿತಲ್ಲ ಎಂದು ಕೈಬಿಟ್ಟರೆ ಇನ್ನೊಂದು ಗಂಡೂ ಕೂಡುತ್ತದೆ. ಒಂದೇ ಬಸಿರಲ್ಲಿ ಎರಡು ತಂದೆಯ ಮರಿಗಳು ನಾಯಿಯಲ್ಲಿ ಸಾಧ್ಯ, ಅಲ್ಲಿಗೆ ನಿಮ್ಮ ತಾರೀಖಿನ ಲೆಕ್ಕವೂ ಕೆಡುತ್ತದೆ.

ಮೊದಲ ಎರಡು ದಿನ

ಕತ್ತು, ಬೆನ್ನು, ಕಿವಿಗಳಲ್ಲಿ ಹಲ್ಲಿನ ಗಾಯವಿದೆಯೇ ಎಂದು ಕೂದಲು ಸರಿಸಿ ನೋಡಿ. ಗಂಡು ಬೀದಿನಾಯಿಯಾಗಿದ್ದರೆ ಇದು ಗರ್ಭಕ್ಕಿಂತ ತುರ್ತಿನ ವಿಷಯ. ಗಾಯವಿದ್ದರೆ ಹರಿಯುವ ನೀರಿನಡಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಕೈಗೆ ಗ್ಲೌಸ್ ಇರಲಿ. ಅದೇ ದಿನ ರೇಬೀಸ್ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ, ನಾಯಿಯ ಲಸಿಕೆ ಪುಸ್ತಕ ಜೊತೆಗೊಯ್ಯಿರಿ. ನಿಮಗೇ ಕಚ್ಚಿದ್ದರೆ ಅಥವಾ ಪರಚಿದ್ದರೆ ನಾಯಿಯ ವಿಚಾರ ಪಕ್ಕಕ್ಕಿಟ್ಟು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ.

ಯೋನಿಯೊಳಗೆ ಡೆಟಾಲ್ ನೀರು, ಉಪ್ಪು ನೀರು ಬಿಟ್ಟು ತೊಳೆಯಬೇಡಿ. ಒಳಪೊರೆ ಸುಡುತ್ತದೆ, ಗರ್ಭ ಹೋಗುವುದಿಲ್ಲ. ಪಪ್ಪಾಯಿ, ಎಳ್ಳು–ಬೆಲ್ಲ ತಿನ್ನಿಸುವುದೂ ದಿನ ಕಳೆಯುವ ದಾರಿ ಅಷ್ಟೇ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹೆಂಗಸರ ತುರ್ತು ಗರ್ಭನಿರೋಧಕ ಮಾತ್ರೆ, ಗರ್ಭಪಾತದ ಕಿಟ್ ಇವನ್ನಂತೂ ಮುಟ್ಟಲೇಬೇಡಿ. ನಾಯಿಯ ಹಾರ್ಮೋನು ಚಕ್ರ ಮನುಷ್ಯರದಲ್ಲ. ಬೆದೆಯ ಹೊತ್ತಿನಲ್ಲಿ ಅಂಥ ಹಾರ್ಮೋನು ಒಳಹೋದರೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾಕ್ಕೆ ದಾರಿಯಾಗುತ್ತದೆ.

ಹಳೆಯ ಕಾಲದಿಂದ ಬಂದ ಇನ್ನೊಂದು ಉಪಾಯ, ಕೂಡಿದ ಕೂಡಲೇ ಈಸ್ಟ್ರೋಜನ್ ಇಂಜೆಕ್ಷನ್ ಹಾಕಿಸುವುದು. ಗರ್ಭ ತಪ್ಪಬಹುದು, ಜೊತೆಗೆ ಮೂಳೆಮಜ್ಜೆ ಕುಗ್ಗಿ ರಕ್ತಕಣ ತಯಾರಾಗುವುದೇ ನಿಲ್ಲಬಹುದು, ಪಯೋಮೆಟ್ರಾವೂ ಆಗಬಹುದು. ಯಾರಾದರೂ ‘ಒಂದ್ ಸೂಜಿ ಹಾಕಿದ್ರ ಮುಗೀತು’ ಅಂದರೆ ಔಷಧಿಯ ಹೆಸರು ಕೇಳಿ. ಹೆಸರು ಹೇಳದಿದ್ದರೆ ಹಾಕಿಸಬೇಡಿ.

ಈ ಎರಡು ದಿನದಲ್ಲಿ ಡಾಕ್ಟರ ಹತ್ತಿರ ಹೋದರೆ ಯೋನಿಯ ಸ್ಮಿಯರ್ (ಒಳಗಿನ ಜೀವಕೋಶಗಳ ಮಾದರಿ) ತೆಗೆದು ಬೆದೆಯ ಯಾವ ಹಂತವೆಂದು ಹೇಳಬಲ್ಲರು. ಗರ್ಭ ನಿಂತಿದೆಯೇ ಎಂದು ಮಾತ್ರ ಈಗ ಯಾವ ಪರೀಕ್ಷೆಯೂ ಹೇಳದು.

ಕ್ಯಾಲೆಂಡರ್ ತುಂಬುವ ಕ್ರಮ

ಅಂಡ ಬಿಡುಗಡೆಯಾದ ದಿನದಿಂದ ನಾಯಿಯ ಗರ್ಭ 63 ದಿನ. ಆದರೆ ಆ ದಿನ ನಮಗೆ ಗೊತ್ತಿರುವುದಿಲ್ಲ, ಗೊತ್ತಿರುವುದು ಕೂಡಿದ ದಿನ ಮಾತ್ರ. ಅದರಿಂದ ಎಣಿಸಿದರೆ ಹೆರಿಗೆ 57ರಿಂದ 72 ದಿನದ ನಡುವೆ ಎಂದಾದರೂ ಆಗಬಹುದು. ಕೂಡಿದ್ದು ಫೆಬ್ರವರಿ 20 ಅಂತಿಟ್ಟುಕೊಳ್ಳಿ, ಫೆಬ್ರವರಿಗೆ 28 ದಿನದ ವರ್ಷ. ಮಾರ್ಚ್ 20ಕ್ಕೆ 28ನೇ ದಿನ, ಸ್ಕ್ಯಾನ್. ಏಪ್ರಿಲ್ 16ಕ್ಕೆ 55ನೇ ದಿನ, ಎಕ್ಸ್‌ರೇ. ಏಪ್ರಿಲ್ 18ರಿಂದ ಮೇ 3ರವರೆಗೆ ಮನೆ ಬಿಟ್ಟು ಯಾರೂ ಊರಿಗೆ ಹೋಗುವಂತಿಲ್ಲ. ನಡುವಿನ ಅಂದಾಜು ಏಪ್ರಿಲ್ 24. ಅಂದರೆ ಕಲಬುರಗಿಯ ಬಿಸಿಲು 42–43 ಡಿಗ್ರಿಗೆ ಏರುವ ಹೊತ್ತಿಗೆ ಸರಿಯಾಗಿ ಹೆರಿಗೆ. ಈ ಸೀಮೆಯಲ್ಲಿ ಮಾಘ–ಫಾಲ್ಗುಣದಲ್ಲಿ ಕೂಡಿದ ನಾಯಿಯ ಲೆಕ್ಕಕ್ಕೆ ಬಿಸಿಲನ್ನೂ ಸೇರಿಸಲೇಬೇಕು.

25–28ನೇ ದಿನದಿಂದ ಅಲ್ಟ್ರಾಸೌಂಡ್‌ನಲ್ಲಿ ಗರ್ಭದ ಚೀಲಗಳು, ಮಿಡಿಯುವ ಹೃದಯ ಕಾಣುತ್ತವೆ. 28–35ರ ನಡುವೆ ಪಳಗಿದ ಕೈಗೆ ಹೊಟ್ಟೆ ಮುಟ್ಟಿದರೂ ಗೊತ್ತಾಗುತ್ತದೆ. ನೀವು ಅಮುಕಿ ನೋಡಬೇಡಿ. ಮೊಲೆ ಊದಿದ್ದು, ಹಾಲು ಬಂದದ್ದು ಗರ್ಭದ ಸಾಕ್ಷಿಯಲ್ಲ. ಬೆದೆ ಮುಗಿದ 6ರಿಂದ 12 ವಾರಗಳಲ್ಲಿ ಗರ್ಭವಿಲ್ಲದೆಯೂ ಹಾಲು ಬರುವ ಸುಳ್ಳು ಬಸಿರು ನಾಯಿಗಳಲ್ಲಿ ಸಾಮಾನ್ಯ. ಬಸಿರೆಂದು ಮೋಸ ಮಾಡುವ ಇನ್ನೊಂದು ಪಯೋಮೆಟ್ರಾ: ಹೊಟ್ಟೆ ಊದುತ್ತದೆ, ನೀರು ವಿಪರೀತ ಕುಡಿಯುತ್ತದೆ, ಊಟ ಬಿಡುತ್ತದೆ, ಕೆಲವೊಮ್ಮೆ ಕೆಟ್ಟ ವಾಸನೆಯ ಸ್ರಾವ. ಬೆದೆಯಾಗಿ ಒಂದೆರಡು ತಿಂಗಳಿಗೆ ಹೀಗಾದರೆ ‘ಬಸುರಿ’ ಎಂದು ಮನೆಯಲ್ಲಿಟ್ಟುಕೊಂಡವರು ನಾಯಿಯನ್ನು ಕಳೆದುಕೊಳ್ಳುತ್ತಾರೆ. ಸ್ಕ್ಯಾನ್ ಮಾಡಿಸುವುದು ಬಸಿರು, ಪಯೋಮೆಟ್ರಾ ಎರಡನ್ನೂ ಬೇರೆ ಮಾಡುವುದಕ್ಕೂ ಹೌದು.

ಸಣ್ಣ ನಾಯಿಗೇ ಯಾಕೆ ಹೆಚ್ಚು ಅಪಾಯ

ಸೊಂಟದ ದಾರಿ ಕಿರಿದು. ತಂದೆ ದೊಡ್ಡದಾದರೆ ಮರಿಯೂ ಅಷ್ಟೇ ದೊಡ್ಡದಾಗುತ್ತದೆ ಎಂಬುದು ಪೂರ್ತಿ ನಿಜವಲ್ಲ, ತಾಯಿಯ ಗರ್ಭಕೋಶ ಬೆಳವಣಿಗೆಗೆ ಸ್ವಲ್ಪ ಮಿತಿ ಹಾಕುತ್ತದೆ. ಆದರೆ ಆ ಮಿತಿ ಹಲವು ಮರಿಗಳಿದ್ದಾಗ ಕೆಲಸ ಮಾಡುತ್ತದೆ. ಸಣ್ಣ ತಳಿಯಲ್ಲಿ ಒಂದರಿಂದ ನಾಲ್ಕೇ ಮರಿ. ಒಂದೇ ಇದ್ದರೆ ಇಡೀ ಜಾಗ, ಇಡೀ ಆಹಾರ ಅದಕ್ಕೇ. ದೊಡ್ಡದಾಗಿ ಬೆಳೆದು ಸಿಕ್ಕಿಹಾಕಿಕೊಳ್ಳುತ್ತದೆ. ಹೆರಿಗೆ ಶುರುವಾಗಲು ಮರಿಗಳಿಂದ ತಾಯಿಗೆ ಹಾರ್ಮೋನಿನ ಸೂಚನೆ ಹೋಗಬೇಕು. ಒಂಟಿ ಮರಿಯ ಸೂಚನೆ ದುರ್ಬಲವಾದ್ದರಿಂದ ದಿನ ತುಂಬಿದರೂ ನೋವೇ ಬರದಿರಬಹುದು. ‘ಒಂದೇ ಮರಿ ಐತಿ, ಹಗುರ ಆಗ್ತದ’ ಅನ್ನುವವರು ಇದನ್ನು ಉಲ್ಟಾ ತಿಳಿದಿದ್ದಾರೆ. ಪಗ್, ಶಿಟ್ಜು ಮರಿಗಳಿಗೆ ದೊಡ್ಡ ದುಂಡು ತಲೆ, ಅಗಲ ಹೆಗಲು. ಅದು ಇನ್ನೊಂದು ತೊಡಕು.

ರಕ್ತದ ಲೆಕ್ಕ ನೋಡಿ. ನಾಯಿಯ ಮೈಯಲ್ಲಿ ಕಿಲೋಗೆ ಸುಮಾರು 85 ಮಿಲಿ ರಕ್ತ. ಮೂರು ಕಿಲೋ ನಾಯಿಗೆ ಒಟ್ಟು ಕಾಲು ಲೀಟರ್. ಹೆರಿಗೆಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ 50 ಮಿಲಿ ಹೋದರೆ, ಅಂದರೆ ಸಣ್ಣ ಚಹಾ ಕಪ್ಪಿಗಿಂತಲೂ ಕಡಿಮೆ, ಐದನೇ ಒಂದು ಭಾಗ ಹೋದಂತೆ. ಸಕ್ಕರೆ, ಕ್ಯಾಲ್ಸಿಯಂಗಳ ದಾಸ್ತಾನೂ ಅಷ್ಟೇ ಚಿಕ್ಕದು. ಒಂದು ವರ್ಷದೊಳಗಿನ ತಾಯಿಯಾದರೆ ತನ್ನ ಮೂಳೆಯೇ ಇನ್ನೂ ಬೆಳೆಯುತ್ತಿರುವಾಗ ಮರಿಗೂ ಹಂಚಬೇಕು.

ಉಣ್ಣೆಜ್ವರದ ಕತೆ ಬೇರೆ. ನಮ್ಮಲ್ಲಿ ಉಣ್ಣೆ ಕಚ್ಚದ ನಾಯಿ ಅಪರೂಪ. ಎರ್ಲಿಕಿಯಾ ಎಂಬ ಸೋಂಕು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಸದ್ದಿಲ್ಲದೆ ಇಳಿಸಿರುತ್ತದೆ, ನಾಯಿ ನೋಡಲು ಚೆನ್ನಾಗಿಯೇ ಇರುತ್ತದೆ. ಯಾವ ಆಪರೇಷನ್‌ಗೂ ಮೊದಲು ರಕ್ತದ ಪೂರ್ಣ ಎಣಿಕೆ ಮಾಡಿಸಿ ಎಂದು ನೀವೇ ಕೇಳಿ.

ಬೀದಿ ಗಂಡಿನಿಂದ ಬರುವ ಇನ್ನೊಂದು ರೋಗ ಟಿ.ವಿ.ಟಿ., ಕೂಡುವುದರಿಂದಲೇ ಹರಡುವ ಗಡ್ಡೆ. ತಿಂಗಳುಗಳಾದ ಮೇಲೆ ಯೋನಿಯಲ್ಲಿ ಹೂಕೋಸಿನಂಥ ಕೆಂಪು ಗಂಟು ಬೆಳೆದು ರಕ್ತ ಸೋರುತ್ತದೆ. ಮನೆಯವರು ಅದನ್ನು ‘ಮತ್ತ ಬೆದಿಗೆ ಬಂದದ’ ಎಂದು ತಿಳಿಯುತ್ತಾರೆ. ಮೂರು ವಾರ ಮೀರಿ ರಕ್ತ ನಿಲ್ಲದಿದ್ದರೆ ಬೆದೆಯಲ್ಲ, ತೋರಿಸಿ. ವಾರಕ್ಕೊಮ್ಮೆಯಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಕೊಟ್ಟರೆ ಹೆಚ್ಚಿನವು ಗುಣವಾಗುತ್ತವೆ.

ಉಳಿಸಿಕೊಳ್ಳುವುದೋ, ತೆಗೆಸುವುದೋ

ಮುಂದೆ ಮರಿ ಬೇಡವೆಂದಾದರೆ ಗರ್ಭಕೋಶ, ಅಂಡಾಶಯ ತೆಗೆಸುವುದೇ ಸರಿಯಾದ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಗರ್ಭ, ಪಯೋಮೆಟ್ರಾ, ಮುಂದಿನ ಬೆದೆಯ ಕಾಟ ಮೂರೂ ಒಂದೇ ಸಲಕ್ಕೆ ಮುಗಿಯುತ್ತವೆ. ಬೆದೆಯಲ್ಲಿರುವಾಗ ರಕ್ತನಾಳಗಳು ಊದಿರುವುದರಿಂದ ಸಾಧ್ಯವಾದರೆ ಬೆದೆ ಮುಗಿದ ಮೂರು–ನಾಲ್ಕು ವಾರದ ಹೊತ್ತಿಗೆ ಮಾಡಿಸುತ್ತಾರೆ. ಆಗ ಗರ್ಭವಿದ್ದರೂ ಇನ್ನೂ ಚಿಕ್ಕದು. 40 ದಿನ ದಾಟಿದ ಮೇಲೆ ನಾಳಗಳು ದಪ್ಪ, ರಕ್ತಸ್ರಾವ ಹೆಚ್ಚು. ಕ್ಯಾಲೆಂಡರಿನ ಗುರುತು ಇಲ್ಲಿ ಮೊದಲ ಸಲ ಜೀವ ಉಳಿಸುತ್ತದೆ.

ಆಪರೇಷನ್‌ಗೆ ಹೊಟ್ಟೆ ಖಾಲಿ ಇರಬೇಕು ನಿಜ. ಆದರೆ ದೊಡ್ಡ ನಾಯಿಗೆ ಹೇಳುವ 12 ಗಂಟೆಯ ಉಪವಾಸ ಎರಡು ಕಿಲೋದ ನಾಯಿಗೆ ಹಾಕಿದರೆ ಸಕ್ಕರೆ ಕುಸಿಯುತ್ತದೆ. ಎಷ್ಟು ಗಂಟೆ ಎಂದು ತೂಕ ಹೇಳಿ ಕೇಳಿ, ಬೆಳಗಿನ ಮೊದಲ ಸರದಿ ಪಡೆಯಿರಿ.

ಮುಂದೆ ಒಳ್ಳೆಯ ಜೋಡಿಯಿಂದ ಮರಿ ಬೇಕು, ಈ ಗರ್ಭ ಮಾತ್ರ ಬೇಡ ಅನ್ನುವವರಿಗೆ ಔಷಧಿಯ ದಾರಿ ಇದೆ. ಆಗ್ಲೆಪ್ರಿಸ್ಟೋನ್ ಎಂಬುದು ಗರ್ಭ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ. 24 ಗಂಟೆ ಅಂತರದಲ್ಲಿ ಎರಡು ಇಂಜೆಕ್ಷನ್, 45ನೇ ದಿನದೊಳಗೆ. ಎಲ್ಲೆಡೆ ಸಿಗುವ ಔಷಧಿಯಲ್ಲ. ಸಿಗದಿದ್ದಾಗ ಗರ್ಭ ಖಚಿತವಾದ ಮೇಲೆ ಕ್ಯಾಬರ್ಗೊಲಿನ್ ಮತ್ತು ಪ್ರೊಸ್ಟಗ್ಲಾಂಡಿನ್ ಕೂಡಿಸಿ ಹಲವು ದಿನ ಕೊಡುತ್ತಾರೆ. ವಾಂತಿ, ಭೇದಿ, ಏದುಸಿರು ಬರುತ್ತವೆ. ಆಸ್ಪತ್ರೆಯ ಕಣ್ಗಾವಲಿನಲ್ಲೇ ಆಗಬೇಕು, ಕೊನೆಗೆ ಗರ್ಭಕೋಶ ಖಾಲಿಯಾಯಿತೆಂದು ಸ್ಕ್ಯಾನ್‌ನಲ್ಲಿ ನೋಡಬೇಕು. ಪ್ರೊಸ್ಟಗ್ಲಾಂಡಿನ್ ಚರ್ಮದ ಮೂಲಕವೂ ಒಳಹೋಗುವ ಔಷಧಿ; ಬಸುರಿ ಹೆಂಗಸರು, ಅಸ್ತಮಾ ಇರುವವರು ಆ ಸೀಸೆ, ಸಿರಿಂಜು ಮುಟ್ಟಬಾರದು.

ಉಳಿಸಿಕೊಳ್ಳುವುದಾದರೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ರಾತ್ರಿ ಎರಡಕ್ಕೆ ಸಿಸೇರಿಯನ್ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಅಲ್ಲಿನ ಕಾಲೇಜಿಗೆ ಬೋಧನಾ ಆಸ್ಪತ್ರೆಯಿದೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆ ಇದೆ. ಆದರೆ ನಾಯಿಯ ಸಿಸೇರಿಯನ್ ರಾತ್ರಿ ಎಲ್ಲಿ ಆಗುತ್ತದೆ ಎಂಬುದನ್ನು ಫೋನು ಮಾಡಿ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಚಿಂಚೋಳಿ, ಔರಾದ, ಸುರಪುರದ ಕಡೆಯ ಹಳ್ಳಿಯಲ್ಲಿದ್ದು ನಾಯಿ ಮೂರು ಕಿಲೋದೊಳಗಿನದು, ವಯಸ್ಸು ವರ್ಷದೊಳಗೆ, ಅಥವಾ ಪಗ್ ಆಗಿದ್ದರೆ ಗರ್ಭ ಉಳಿಸಿಕೊಳ್ಳಬೇಡಿ ಅನ್ನುತ್ತೇವೆ. ‘ಒಂದ್ ಸಲ ಮರಿ ಹಾಕಿದ್ರ ಆರೋಗ್ಯ ಛಲೋ ಇರ್ತದ’ ಎಂಬ ಮಾತಿಗೆ ಬುಡವಿಲ್ಲ. ಬೀದಿ ನಾಯಿ ಕೂಡಿದ್ದರಿಂದ ಮುಂದಿನ ಬಸಿರಿನ ಮರಿಗಳ ಜಾತಿ ಕೆಡುತ್ತದೆ ಎಂಬುದಕ್ಕೂ ಇಲ್ಲ.

ಗಬ್ಬದ ದಿನಗಳ ಆರೈಕೆ

ಮೊದಲ ಐದು ವಾರ ಊಟ ಹೆಚ್ಚಿಸಬೇಡಿ. ಮೈಗೆ ಕೊಬ್ಬು ಬಂದರೆ ಹೆರಿಗೆಯ ದಾರಿ ಇನ್ನಷ್ಟು ಇಕ್ಕಟ್ಟು. ಆರನೇ ವಾರದಿಂದ ನಿಧಾನವಾಗಿ ಏರಿಸಿ, ಹೆರಿಗೆ ಹೊತ್ತಿಗೆ ಮೊದಲಿನ ಒಂದೂಕಾಲರಿಂದ ಒಂದೂವರೆ ಪಟ್ಟು. ಹೊಟ್ಟೆಯಲ್ಲಿ ಜಾಗವಿಲ್ಲದ್ದರಿಂದ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿಯೊಂದೇ ಸಾಲದು, ಪ್ರೋಟೀನ್ ಬೇಕು: ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಅಥವಾ ಪ್ಯಾಕೆಟ್ಟಿನ ಮರಿಗಳ ಆಹಾರ. ಸಾರಿನಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಡ. ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬಾಣಂತಿಗೆ ಮಾಡಿದ ಅಂಟಿನುಂಡೆಯನ್ನು ಪ್ರೀತಿಯಿಂದ ನಾಯಿಗೂ ಕೊಡುವವರಿದ್ದಾರೆ. ಅದರಲ್ಲಿ ಒಣದ್ರಾಕ್ಷಿ ಇದ್ದರೆ ಮೂತ್ರಪಿಂಡಕ್ಕೆ ವಿಷ.

ಹೆಚ್ಚಿನವರು ಒಳ್ಳೆಯದೆಂದೇ ಮಾಡುವ ತಪ್ಪು ಗಬ್ಬದಲ್ಲಿ ಕ್ಯಾಲ್ಸಿಯಂ ಸಿರಪ್ ಕುಡಿಸುವುದು. ಹೊರಗಿನಿಂದ ಬಂದರೆ, ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ಕೊಡುವ ಗ್ರಂಥಿ ಮಂದವಾಗುತ್ತದೆ. ಹಾಲು ಇಳಿದು ಏಕಾಏಕಿ ಬೇಡಿಕೆ ಏರಿದಾಗ ಅದು ಎಚ್ಚೆತ್ತುಕೊಳ್ಳುವುದಿಲ್ಲ, ನಾಯಿ ಸೆಟೆದು ಬೀಳುತ್ತದೆ. ಡಾಕ್ಟರು ಕಾರಣ ಹೇಳಿ ಬರೆಯದ ಹೊರತು ಹೆರಿಗೆಯವರೆಗೆ ಕ್ಯಾಲ್ಸಿಯಂ ಬೇಡ.

ಔಷಧಿ ವಿಚಾರದಲ್ಲಿ ಯಾವ ಡಾಕ್ಟರ ಬಳಿ ಹೋದರೂ ಮೊದಲ ಮಾತು ‘ಗಬ್ಬ ಐತ್ರಿ, ಇಷ್ಟನೇ ದಿನ’ ಎಂದಿರಲಿ. ಉಣ್ಣೆಜ್ವರಕ್ಕೆ ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್, ತುರಿಕೆಗೆ ಕೊಡುವ ಸ್ಟೆರಾಯ್ಡ್, ಜೀವಂತ ವೈರಾಣುವಿನ ಲಸಿಕೆಗಳು ಗರ್ಭಕ್ಕೆ ಆಗಿಬರುವುದಿಲ್ಲ. ಮನುಷ್ಯರ ನೋವಿನ ಮಾತ್ರೆ ಗರ್ಭವಿರಲಿ ಇಲ್ಲದಿರಲಿ ಬೇಡ. ಜಂತಿನ ಔಷಧಿಯಲ್ಲಿ ಫೆನ್‌ಬೆಂಡಜೋಲ್ ಗರ್ಭದಲ್ಲಿ ಬಳಸಬಹುದಾದದ್ದು. ತಾಯಿಯ ಮೈಯಲ್ಲಿ ಅಡಗಿದ ಜಂತು ಮರಿಗೆ ದಾಟದಂತೆ 40ನೇ ದಿನದಿಂದ ದಿನವೂ ಕೊಡುವ ಕ್ರಮವಿದೆ, ಪ್ರಮಾಣ ತೂಕ ನೋಡಿ ಡಾಕ್ಟರೇ ಹೇಳಲಿ.

ಬೇಸಿಗೆಯಲ್ಲಿ ನಡಿಗೆ ಬೆಳಗಿನ ಏಳರೊಳಗೆ ಮುಗಿಯಲಿ. ಕೂಲರ್ ಇದ್ದ ಕೋಣೆಯಲ್ಲಿ ಗಾಳಿ ಹೊರಹೋಗಲು ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ತೇವ ಕಟ್ಟಿ ನಾಯಿ ಏದುವುದು ಹೆಚ್ಚಾಗುತ್ತದೆ. ಗಬ್ಬದ ಪಗ್ ನಾಲಿಗೆ ನೀಲಿಯಾಗುವಂತೆ ಏದುತ್ತಿದ್ದರೆ ಸಾದಾ ನೀರಿನಿಂದ ಮೈ ತೋಯಿಸಿ, ಫ್ಯಾನ್ ಹಾಕಿ, ಹೊರಡಿ. ಮಂಜುಗಡ್ಡೆ ಬೇಡ.

55ನೇ ದಿನ: ಎಣಿಕೆ ಮತ್ತು ತಯಾರಿ

ಮರಿಯ ಮೂಳೆ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಕಾಣುವುದು 45ನೇ ದಿನದ ನಂತರ, ಎಣಿಕೆ ಸರಿಯಾಗಿ ಸಿಗುವುದು 55ರ ಮೇಲೆ. ತಲೆಬುರುಡೆ, ಬೆನ್ನೆಲುಬು ಎರಡನ್ನೂ ಎಣಿಸಲು ಹೇಳಿ, ತಾಯಿಯ ಸೊಂಟದ ಅಳತೆಗೆ ಮರಿಯ ತಲೆ ಹೇಗಿದೆ ಎಂದು ಕೇಳಿ. ಒಂದೇ ಮರಿ, ಅಥವಾ ತಲೆ ದೊಡ್ಡದು ಎಂದರೆ ದಿನ ಗೊತ್ತುಮಾಡಿ ಹಗಲಿನಲ್ಲಿ ಸಿಸೇರಿಯನ್ ಮಾಡಿಸುವುದು ರಾತ್ರಿಯ ಓಡಾಟಕ್ಕಿಂತ ಎಷ್ಟೋ ಮೇಲು. ಎಷ್ಟು ಮರಿ ಎಂಬ ಸಂಖ್ಯೆ ಕ್ಯಾಲೆಂಡರಿನಲ್ಲಿ ಬರೆಯಿರಿ. ‘ಎಲ್ಲಾ ಹಾಕಿತೋ, ಇನ್ನೂ ಒಳಗದಾವೋ’ ಎಂಬ ಗೊಂದಲಕ್ಕೆ ಇದೊಂದೇ ಉತ್ತರ.

ಹೆರಿಗೆ ಪೆಟ್ಟಿಗೆ ತಾಯಿ ಅಡ್ಡ ಮಲಗಿ ಕಾಲು ಚಾಚುವಷ್ಟು ಅಗಲವಿರಲಿ. ನಮ್ಮ ಮನೆಗಳ ನೆಲ ಶಹಾಬಾದ್ ಪರಸಿ. ಬೇಸಿಗೆಗೆ ಸುಖ, ಹಸಿ ಮರಿಗೆ ಅಲ್ಲ. ಮಾಗಿಯಲ್ಲಿ ಬೀದರಿನ ರಾತ್ರಿ ಕಲ್ಲು ಮರಿಯ ಮೈಶಾಖವನ್ನೆಲ್ಲ ಹೀರಿಬಿಡುತ್ತದೆ. ಪೆಟ್ಟಿಗೆಯ ಕೆಳಗೆ ಹಲಗೆ ಅಥವಾ ದಪ್ಪ ರಟ್ಟು, ಮೇಲೆ ಹಳೆ ಕೌದಿ, ಅದರ ಮೇಲೆ ಬದಲಿಸಲು ಬರುವ ಬಟ್ಟೆ ಹಾಸಿ. ಜೊತೆಗೆ ಡಿಜಿಟಲ್ ಥರ್ಮಾಮೀಟರ್, ಗ್ರಾಂ ತೋರಿಸುವ ತಕ್ಕಡಿ, ಕುದಿಸಿದ ದಾರ, ಕತ್ತರಿ, ಪೊವಿಡೋನ್ ಅಯೋಡಿನ್, ಒಣ ಟವೆಲ್ ಏಳೆಂಟು, ಗ್ಲೌಸ್, ಚಾರ್ಜ್ ಆದ ಟಾರ್ಚ್. ಲೈಟ್ ಹೋಗುವುದು ಹೆರಿಗೆಯ ಹೊತ್ತಿಗೇ. ಫಿನಾಯಿಲ್ ಈ ಕೋಣೆಯಲ್ಲಿ ಬೇಡ.

58ನೇ ದಿನದಿಂದ ದಿನಕ್ಕೆ ಮೂರು ಸಲ ಗುದದ್ವಾರದ ತಾಪ ನೋಡಿ ಬರೆಯಿರಿ. ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 99ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹೆರಿಗೆ.

ಹೆರಿಗೆಯ ಹೊತ್ತು

ಮೊದಲ ಹಂತ 6ರಿಂದ 12 ಗಂಟೆ, ಚೊಚ್ಚಲಿಗೆ ಇನ್ನೂ ಹೆಚ್ಚು. ನಡುಕ, ಏದುಸಿರು, ಬಟ್ಟೆ ಕೆದರುವುದು, ಊಟ ಬಿಡುವುದು. ನೆರೆಹೊರೆಯವರನ್ನು ಸೇರಿಸಬೇಡಿ, ನಾಯಿ ಬೆದರಿದರೆ ನೋವು ನಿಲ್ಲುತ್ತದೆ. ಎರಡನೇ ಹಂತದಲ್ಲಿ ಹೊಟ್ಟೆ ಬಿಗಿದು ತಿಣುಕುತ್ತದೆ. ಗಡಿಯಾರ ಎದುರಿಗಿಟ್ಟುಕೊಳ್ಳಿ. ಈ ಕೆಳಗಿನ ಯಾವುದಾದರೂ ಒಂದು ಕಂಡರೆ ಕಾಯಬೇಡಿ, ಹೊರಡಿ:

– ಜೋರಾಗಿ ತಿಣುಕುತ್ತ 20–30 ನಿಮಿಷವಾದರೂ ಮರಿ ಬರದಿದ್ದರೆ
– ಮೊದಲ ಮರಿಗಿಂತ ಮುಂಚೆಯೇ ಕಡುಹಸಿರು ಸ್ರಾವ ಬಂದರೆ (ಮಾಸು ಬಿಟ್ಟಿದೆ, ಒಳಗಿನ ಮರಿಗೆ ಉಸಿರಿಲ್ಲ)
– ಮರಿಯ ಅರ್ಧ ಭಾಗ ಅಥವಾ ನೀರಿನ ಚೀಲ ದ್ವಾರದಲ್ಲಿ 10 ನಿಮಿಷ ಸಿಕ್ಕಿಕೊಂಡರೆ
– ಒಂದು ಮರಿ ಬಂದ ಮೇಲೆ, ಒಳಗೆ ಇನ್ನೂ ಮರಿಯಿದ್ದು ಎರಡು ಗಂಟೆ ಕಳೆದರೆ
– ತಾಪ ಇಳಿದು 24 ಗಂಟೆಯಾದರೂ ನೋವು ಬರದಿದ್ದರೆ
– ನಾಯಿ ಸೋತು ತಲೆ ಎತ್ತದಿದ್ದರೆ, ಅಥವಾ ಕೂಡಿದ 72ನೇ ದಿನ ದಾಟಿದರೆ

ಎಮ್ಮೆಗೆ ಹಾಲಿಳಿಸಲು ಹಾಕುವ ಆಕ್ಸಿಟೋಸಿನ್ ಹಳ್ಳಿಗಳಲ್ಲಿ ಯಾರ ಬಳಿಯಾದರೂ ಸಿಕ್ಕೀತು. ಅದನ್ನು ನಾಯಿಗೆ ಚುಚ್ಚಲು ಬಿಡಬೇಡಿ. ಮರಿ ಅಡ್ಡ ಸಿಕ್ಕಿದ್ದಾಗ ಗರ್ಭಕೋಶವನ್ನು ಬಲವಂತವಾಗಿ ಹಿಂಡಿದರೆ ಅದು ಹರಿಯುತ್ತದೆ. ದಾರಿ ಖುಲ್ಲಾ ಇದೆ ಎಂದು ಪರೀಕ್ಷಿಸಿದ ಡಾಕ್ಟರು ಮಾತ್ರ ಚಿಕ್ಕ ಪ್ರಮಾಣದಲ್ಲಿ ಕೊಡುವ ಔಷಧಿ ಅದು.

ಮರಿ ಬಂದಾಗ ತಾಯಿ ಒಂದು ನಿಮಿಷದಲ್ಲಿ ಚೀಲ ಹರಿಯದಿದ್ದರೆ ನೀವೇ ಮುಖದ ಕಡೆಯಿಂದ ಹರಿಯಿರಿ. ಬಾಯಿ, ಮೂಗು ಒರೆಸಿ. ತಲೆ ತುಸು ಕೆಳಗಿರುವಂತೆ ಹಿಡಿದು ಟವೆಲಿನಿಂದ ಬೆನ್ನು ಉಜ್ಜಿ. ಕಾಲು ಹಿಡಿದು ಬೀಸಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ. ಹೊಕ್ಕುಳಬಳ್ಳಿಗೆ ಹೊಟ್ಟೆಯಿಂದ ಎರಡು ಸೆಂಟಿಮೀಟರ್ ದೂರ ದಾರ ಕಟ್ಟಿ, ಆಚೆ ಕತ್ತರಿಸಿ, ಅಯೋಡಿನ್ ಹಚ್ಚಿ. ಒಂದೊಂದು ಮರಿಗೆ ಒಂದೊಂದು ಮಾಸು, ಅದನ್ನೂ ಎಣಿಸಿ.

ಮರಿಯ ಶಾಖ, ಮರಿಯ ತೂಕ

ಹುಟ್ಟಿದ ಮರಿಗೆ ಮೈ ಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಮೊದಲ ವಾರ ಪೆಟ್ಟಿಗೆಯಲ್ಲಿ 29–32 ಡಿಗ್ರಿ ಸೆಲ್ಸಿಯಸ್ ಬೇಕು. ಮಾಗಿಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ, ಮರಿಗೆ ಸೆಕೆಯಾದರೆ ಸರಿದುಕೊಳ್ಳಲಿ. ಮೇ ತಿಂಗಳಲ್ಲಾದರೆ ಉಲ್ಟಾ ತೊಂದರೆ: ಕೋಣೆಯೇ 38 ಇರುತ್ತದೆ, ಕೂಲರ್ ಇರಲಿ, ಗಾಳಿ ನೇರ ಪೆಟ್ಟಿಗೆಗೆ ಬಡಿಯದಿರಲಿ. ಬಾಣಂತಿ ಕೋಣೆಯಂತೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡಬೇಡಿ.

ದಿನವೂ ಒಂದೇ ಹೊತ್ತಿಗೆ ತೂಗಿ. ಮೊದಲ ದಿನ ತುಸು ಇಳಿಯಬಹುದು, ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಬಾರದು. ಆಮೇಲೆ ದಿನಕ್ಕೆ 5ರಿಂದ 10 ಪ್ರತಿಶತ ಏರಬೇಕು. 120 ಗ್ರಾಂ ಮರಿ ಎರಡು ದಿನ ಅಷ್ಟೇ ನಿಂತಿದ್ದರೆ ಹಾಲು ಸಿಗುತ್ತಿಲ್ಲ. ಆಕಳ ಹಾಲಿನಲ್ಲಿ ನಾಯಿ ಹಾಲಿನಷ್ಟು ಕೊಬ್ಬು, ಪ್ರೋಟೀನ್ ಇಲ್ಲ, ಲ್ಯಾಕ್ಟೋಸ್ ಹೆಚ್ಚು, ಭೇದಿಯಾಗುತ್ತದೆ. ನಾಯಿಮರಿಗೆಂದೇ ಇರುವ ಹಾಲಿನ ಪುಡಿ ತರಿಸಿ ಎರಡು–ಮೂರು ಗಂಟೆಗೊಮ್ಮೆ, ಮರಿ ಹೊಟ್ಟೆ ಮೇಲಾಗಿ ಅಲ್ಲ, ಬೋರಲು ಮಲಗಿರುವಂತೆ ಹಿಡಿದು ಕುಡಿಸಿ. ತಣ್ಣಗಾದ ಮರಿಗೆ ಹಾಲು ಹಾಕಬೇಡಿ, ಮೊದಲು ಮೈ ಬಿಸಿಯಾಗಲಿ.

ಹಾಲೂಡುವ ವಾರಗಳು

ಹೆರಿಗೆ ಮುಗಿಯಿತೆಂದು ಕ್ಯಾಲೆಂಡರ್ ತೆಗೆದಿಡಬೇಡಿ. ಸಣ್ಣ ನಾಯಿಗೆ ಅತಿ ದೊಡ್ಡ ಅಪಾಯ ಹೆರಿಗೆಯಾದ ಒಂದರಿಂದ ನಾಲ್ಕು ವಾರದಲ್ಲಿದೆ. ಹಾಲಿನಲ್ಲಿ ಹೋಗುವ ಕ್ಯಾಲ್ಸಿಯಂ ರಕ್ತಕ್ಕೆ ಬರುವುದಕ್ಕಿಂತ ಹೆಚ್ಚಾದಾಗ ಎಕ್ಲಾಂಪ್ಸಿಯಾ ಶುರುವಾಗುತ್ತದೆ. ಮೊದಲು ಚಡಪಡಿಕೆ, ಏದುಸಿರು, ಮರಿಗಳನ್ನು ಬಿಟ್ಟು ಓಡಾಡುವುದು, ಮುಖ ಕೆರೆದುಕೊಳ್ಳುವುದು. ಬೇಸಿಗೆಯಲ್ಲಿ ಇದನ್ನು ಸೆಕೆಯೆಂದು ತಿಳಿಯುವುದು ಸುಲಭ. ಗುರುತು ಕಾಲಿನಲ್ಲಿದೆ: ಸೆಕೆಗೆ ಏದುವ ನಾಯಿ ಕಾಲು ಚಾಚಿ ಬೀಳುತ್ತದೆ, ಕ್ಯಾಲ್ಸಿಯಂ ಇಳಿದ ನಾಯಿ ಕಟ್ಟಿಗೆಯಂತೆ ಬಿರುಸಾಗಿ ನಡೆಯುತ್ತದೆ, ಸ್ನಾಯುಗಳು ಅದುರುತ್ತವೆ. ನಂತರ ಸೆಳೆತ, ತಾಪ 105 ದಾಟುತ್ತದೆ. ಕೂಡಲೇ ಮರಿಗಳನ್ನು ಬೇರೆ ಮಾಡಿ, ಮೈಗೆ ಒದ್ದೆ ಬಟ್ಟೆ ಹಾಕಿ, ಆಸ್ಪತ್ರೆಗೆ ಓಡಿ. ಸೆಳೆತದಲ್ಲಿ ಬಾಯಿಗೆ ಏನನ್ನೂ ಹಾಕಬೇಡಿ. ಅಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ರಕ್ತನಾಳದ ಮೂಲಕ, ಎದೆಬಡಿತ ನೋಡುತ್ತ ನಿಧಾನವಾಗಿ ಕೊಡಬೇಕು. ಅವಸರದಲ್ಲಿ ನೂಕಿದರೆ ಹೃದಯ ನಿಲ್ಲುತ್ತದೆ. ಸಮಯಕ್ಕೆ ಸಿಕ್ಕರೆ ನಾಯಿ ನೋಡುತ್ತಿದ್ದಂತೆ ಎದ್ದು ಕೂರುತ್ತದೆ. ಎದ್ದಿತೆಂದು ಮತ್ತೆ ಮರಿ ಬಿಡಬೇಡಿ, ಕನಿಷ್ಠ 24 ಗಂಟೆ ಮೇಲುಹಾಲು, ಮುಂದಿನದು ಡಾಕ್ಟರು ಹೇಳಿದಂತೆ. ಹೆರಿಗೆಯ ನಂತರದ ಈ ದಿನಗಳಲ್ಲಿ ಮಾತ್ರ ಬಾಯಿಯ ಕ್ಯಾಲ್ಸಿಯಂಗೆ ಜಾಗವಿದೆ. ಊಟ ಈಗ ಎರಡು–ಮೂರು ಪಟ್ಟು, ನೀರು ಸದಾ ಎದುರಿಗೆ.

ಪ್ರತಿದಿನ ಮೊಲೆಗಳನ್ನು ಮುಟ್ಟಿ ನೋಡಿ. ಒಂದು ಗಟ್ಟಿ, ಬಿಸಿ, ಕೆನ್ನೀಲಿಯಾದರೆ ಕೆಚ್ಚಲುಬಾವು. ಸ್ರಾವ ಕೆಟ್ಟ ವಾಸನೆ ಬಂದು ಜ್ವರವಿದ್ದರೆ ಗರ್ಭಕೋಶದ ಸೋಂಕು, ಮಾಸು ಒಳಗೇ ಉಳಿದಿರಬಹುದು. ವಾಸನೆಯಿಲ್ಲದ ಕಂದು–ಕೆಂಪು ಸ್ರಾವ ಕೆಲವು ವಾರ ಇರುವುದು ಸಹಜ.

ಮರಿಗಳಿಗೆ ಎರಡು ವಾರಕ್ಕೆ ಮೊದಲ ಜಂತಿನ ಔಷಧಿ, ಮೂರೂವರೆ–ನಾಲ್ಕು ವಾರಕ್ಕೆ ಮೆದು ಊಟದ ರುಚಿ. 8 ವಾರ ತುಂಬುವ ಮೊದಲು ಮರಿ ಕೊಡಬೇಡಿ. ಮರಿಗಳು ಹಾಲು ಬಿಟ್ಟು ತಾಯಿಯ ಮೊಲೆ ಒಣಗಿದ ಮೇಲೆ ಗರ್ಭಕೋಶ ತೆಗೆಸಲು ದಿನ ಗೊತ್ತುಮಾಡಿ. ಅದಕ್ಕೆ ಮೊದಲೇ ಮತ್ತೆ ಬೆದೆಗೆ ಬಂದರೆ ಮೊದಲ ರಕ್ತ ಕಂಡ ದಿನದಿಂದ ನಾಲ್ಕು ವಾರ ಒಳಗಿಡಿ. ಡೈಪರ್ ಕಲೆ ತಡೆಯುತ್ತದೆ, ಗಂಡನ್ನು ತಡೆಯುವುದಿಲ್ಲ. ಹಳೆ ಊರಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಮೇಲೆ ಬಿಟ್ಟರೆ ಸುರಕ್ಷಿತ ಎಂದುಕೊಳ್ಳಬೇಡಿ. ಮನೆಯಲ್ಲೇ ಹುಟ್ಟಿದ ಗಂಡುಮರಿ ಆರು ತಿಂಗಳಾದರೆ ತಾಯಿಯನ್ನೂ ತಂಗಿಯನ್ನೂ ಬಿಡುವುದಿಲ್ಲ. ಅದರ ಬೀಜ ತೆಗೆಸಿದರೂ ಮೊದಲೇ ಉಳಿದ ವೀರ್ಯಾಣುವಿನಿಂದಾಗಿ ಇನ್ನೂ ಒಂದು–ಒಂದೂವರೆ ತಿಂಗಳು ಬೇರೆಯೇ ಕಟ್ಟಿ.